ಶ್ರೀನಿವಾಸಪ್ಪನವರ ಬಳುಕುವ ಚಾಕು

ಶ್ರೀನಿವಾಸಪ್ಪನವರು ಅಂಗಡಿಯಲ್ಲಿ ಚಾಕು ನೋಡುವಷ್ಟು ಹೊತ್ತು ನಮ್ಮ ಕಡೆ ಹೆಣ್ಣನ್ನೂ ನೋಡುವುದಿಲ್ಲ. ಬಗ್ಗಿಸುತ್ತಿದ್ದರು, ಉಗುರಿನ ಮೇಲೆ ಅಲಗು ಆಡಿಸುತ್ತಿದ್ದರು, ಹಿಡಿಗೆ ನೀರು ಸವರಿ ಜಾರುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ಕೆಜಿಎಫ್‌ನ ಕಾರ್ಖಾನೆಯಲ್ಲಿ ಅವರದು ತಪಾಸಣೆ ವಿಭಾಗ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ. ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆ.

"ಮೀನು ಬಿಡಿಸೋ ಚಾಕು ತೆಳ್ಳಗಿರ್ಬೇಕು, ಬಳುಕ್ಬೇಕು, ಮುಳ್ಳಿನ ಮೇಲೆ ಜಾರ್ಕೊಂಡು ಓಗ್ಬೇಕು. ಎರೆ ಕೊಯ್ಯೋದು ಗಿಡ್ಡಗೆ, ದಪ್ಪಗೆ. ಎರಡಕ್ಕೂ ಒಂದೇ ಚಾಕು ಇಟ್ಕೊಂಡೋನು ಒಂದೇ ಚಡ್ಡಿ ಇರೋನ ತರ ಕಣ್ಲಾ!" ಎಂದು ನನಗೆ ಪಾಠ ಹೇಳುತ್ತಿದ್ದರು.

ಭಾನುವಾರ ಕಾಮಸಮುದ್ರದ ಕಡೆಯ ಕೆರೆಗೆ ಹೋದರೆ, ಗಾಳಕ್ಕೆ ಸಿಕ್ಕಿಸುವ ಎರೆಹುಳುವನ್ನು ಅವರು ಅಳತೆ ಹಿಡಿದು ಕೊಯ್ಯುವಷ್ಟರಲ್ಲಿ ಉಳಿದವರ ಚೀಲ ತುಂಬಿರುತ್ತಿತ್ತು. ಬರುವಾಗ ಮಾರ್ಕೆಟ್ಟಿನಲ್ಲಿ ಮೀನು ಕೊಂಡು ಮನೆಗೊಯ್ದು ಬೀಗುತ್ತಿದ್ದರು. "ನಿಮ್ ಕೆರೇಲಿ ಮೀನಿಗೆ ಐಸ್ ಆಕಿ ಇಡ್ತಾರಾ?" ಎಂದು ಹೆಂಡತಿ ಕೇಳಿದ್ದು ನಮಗೂ ಕೇಳಿಸಿತ್ತು.

ಮಗಳು ಬಂಗಾರಪೇಟೆಗೆ ಮದುವೆಯಾಗಿ ಹೋದಳು. ಬೀಗರು ಮೊದಲ ಸಲ ಊಟಕ್ಕೆ ಬಂದ ದಿನ ಅವಳ ಮರ್ಯಾದೆ ಅಪ್ಪನ ಕೈಯಲ್ಲಿತ್ತು. ಅಪ್ಪನ ಕೈಯಲ್ಲಿ ಚಾಕು ಇತ್ತು. ಹೆಂಡತಿಯನ್ನು ಹತ್ತಿರ ಬಿಡದೆ ದೊಡ್ಡ ಕಾಟ್ಲಾ ಮೀನನ್ನು ಬಿಡಿಸಿ, ಮುಳ್ಳು, ತಲೆ ಎಲ್ಲವನ್ನೂ ಹಿತ್ತಿಲ ಬೆಕ್ಕುಗಳಿಗೆ ಎಸೆದರು. ನಮ್ಮಲ್ಲಿ ಮೀನಿನ ತಲೆ ಬೀಗರ ಪಾಲು. ಅದನ್ನು ಅವರ ಎಲೆಗೆ ಬಡಿಸದಿದ್ದರೆ ಮನೆಗೆ ಕರೆದು ಕೆನ್ನೆಗೆ ಹೊಡೆದಂತೆ. ಹುಟ್ಟಿದಾಗಿನಿಂದ ಕಂಡ ಪದ್ಧತಿ ಚಾಕುವಿನ ಜಂಬದಲ್ಲಿ ಮರೆತೇಹೋಗಿತ್ತು.

ಬೀಗರು ಎಲೆ ನೋಡಿ, "ತಲೆ ಎಲ್ಲಿ ಬೀಗ್ರೇ?" ಅಂದರು.

"ಒಂದ್ ಮುಳ್ಳೂ ಇಲ್ಲ, ತಿಂದ್ ನೋಡಿ!" ಅಂದರು ಇವರು.

ಬೀಗರು ಕೈ ತೊಳೆದು ಎದ್ದರು.

ಆಮೇಲೆ ಆ ಮಾತು ಮಗಳ ಬೆನ್ನು ಬಿಡಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ, "ತಲೆ ಎಸೆಯೋರ ಮನೆ ಹುಡುಗಿ ತಾನೆ" ಎನ್ನುತ್ತಿದ್ದರಂತೆ ಮಾವ. ಶ್ರೀನಿವಾಸಪ್ಪನವರು ಚಾಕುಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಇಡೀ ಮೀನನ್ನೇ ಚೀಲದಲ್ಲಿಟ್ಟುಕೊಂಡು, ಮಾರಿಕುಪ್ಪಂ ರೈಲಿನಲ್ಲಿ ಬೀಗರ ಮನೆಗೆ ಓಡಾಡತೊಡಗಿದರು. ಬೀಗರು ತಲೆ ತಿಂದರು, ಆಡಿಕೊಳ್ಳುವುದನ್ನು ಬಿಡಲಿಲ್ಲ. ಶ್ರೀನಿವಾಸಪ್ಪನವರನ್ನು ಅಷ್ಟು ಗೇಲಿ ಮಾಡುತ್ತಿದ್ದ ನಾನೂ ಅದನ್ನು ನೋಡಿ ಗೇಲಿ ನಿಲ್ಲಿಸಿದೆ.

ಹೋದ ವರ್ಷ ಶ್ರೀನಿವಾಸಪ್ಪನವರು ಎದೆನೋವು ಬಂದು ಹೊರಟೇಹೋದರು. ತಿಥಿಯ ಬಾಡೂಟಕ್ಕೆ ನನ್ನ ಪಕ್ಕ ಕೂತ ಬೀಗರು ಮತ್ತೆ ಅದೇ ಮೀನಿನ ಕಥೆ ತೆಗೆದು ಜೋರಾಗಿ ನಕ್ಕರು. ಸಾರಿನ ಬಕೆಟ್ಟು ಹಿಡಿದು ಬಂದ ಮಗಳು ನನಗೆ ಬಡಿಸಿದಳು. ಮಾವನ ಎಲೆ ದಾಟಿ ಮುಂದಿನವರಿಗೆ ಬಡಿಸಿದಳು.