ಭಟ್ಕಳದಿಂದ ಕುಮಟಾಕ್ಕೆ ಒಂದು ದನಿ

ಕುಮಟಾದ ಸಣ್ಣ ಕಚೇರಿಯೊಂದರಲ್ಲಿ ಕೂತು ನಾನು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ರೋಗಿಗಳ ಗುಟ್ಟು ಹೊರಬೀಳದಂತೆ ಬೀಗ ಹಾಕುವ ಭಾಗ ನನ್ನದು. ಬೀಗ ನಾವು ಮಾಡಿದ್ದಲ್ಲ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಲೈಬ್ರರಿಯೊಂದರಿಂದ, ಅಂದರೆ ಸಿದ್ಧ ಕೋಡಿನ ಸಂಗ್ರಹದಿಂದ, ತಂದದ್ದು. ಒಂದು ಆಸ್ಪತ್ರೆಯ ಧ್ವನಿಮುದ್ರಣ ಯಂತ್ರಕ್ಕೆ ಹಳೆಯ ಬೀಗವೇ ಬೇಕು; ಲೈಬ್ರರಿಯವರು ಅದನ್ನು ಕೈಬಿಟ್ಟರು. ಹಾಗಾಗಿ ನಮ್ಮದೇ ಒಂದು ಪ್ರತಿ ಇಟ್ಟುಕೊಂಡೆವು. ಇದಕ್ಕೆ ಫೋರ್ಕ್ ಎನ್ನುತ್ತಾರೆ. ನನ್ನ ಪ್ರಕಾರ ಅದು ಹಿಸೆ ತೆಗೆದುಕೊಂಡು ಬೇರೆ ಒಲೆ ಹೂಡಿದ ತಮ್ಮ. ಬೇರೆಯಾದರೂ ದೊಡ್ಡಮನೆಯಲ್ಲಿ ಏನೇ ಬದಲಾಗಲಿ, ಇವನಿಗೆ ತಲೆನೋವು. ಮೂಲದಲ್ಲಿ ತಿದ್ದುಪಡಿ ಬಂದಾಗಲೆಲ್ಲ ನಮ್ಮ ಪ್ರತಿಗೆ ಹೊಂದಿಸಬೇಕು. ಐದು ವರ್ಷ ಬೈದುಕೊಂಡೇ ಹೊಂದಿಸಿದೆ.

ಆ ಯಂತ್ರ ಕೂರಿಸಿದ ದಿನ ಮೊದಲು ಮಾತಾಡಿದವರು ಭಟ್ಕಳ–ಕುಮಟಾ ಬಸ್ಸಿನ ಕಂಡಕ್ಟರ್. ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆ ತೆಗೆಯುವ ಮುಂಚೆ ದನಿಯನ್ನು ಹಿಡಿದಿಡಿ ಎಂದು ಡಾಕ್ಟರು ಹೇಳಿದ್ದರು.

"ಎಂತ ಹೇಳೂದು?" ಎಂದರು. ಆಮೇಲೆ ತಾವೇ ನಕ್ಕು ತಮ್ಮ ಬಸ್ಸಿನ ದಾರಿಯ ಊರುಗಳನ್ನು ಕೂಗತೊಡಗಿದರು. ಕುಮಟಾ ಮುಟ್ಟಿದ ಮೇಲೂ ನಿಲ್ಲಿಸಲಿಲ್ಲ. ಹೆಂಡತಿಯನ್ನು ಕರೆದರು, ಮಕ್ಕಳನ್ನು ಗದರಿದರು, ಅರ್ಧ ಗಂಟೆ ಮಾತಾಡಿದರು.

ಕಳೆದ ವರ್ಷ ಯಂತ್ರ ಗುಜರಿಗೆ ಹೋಯಿತು. ಫೋರ್ಕಿನ ಕಾಟ ತಪ್ಪಿತಲ್ಲ ಎಂದು ನನಗೆ ಖುಷಿಯೋ ಖುಷಿ. ಹಳೆಯ ಕಡತಗಳನ್ನೆಲ್ಲ ಹೊಸ ಬೀಗಕ್ಕೆ ಬದಲಾಯಿಸಿದೆ. ಒಂದೊಂದನ್ನೂ ತೆರೆದು ಮೊದಲ ನಾಲ್ಕು ಸೆಕೆಂಡು ಕೇಳಿದೆ, ಸರಿಯಿತ್ತು. ನಿಯಮದಂತೆ ಹಳೆಯ ಕೀಲಿಯನ್ನು ಅಳಿಸಿಹಾಕಿದೆ. ನಮ್ಮ ಫೋರ್ಕ್ ಉದ್ದದ ಧ್ವನಿಯನ್ನು ತುಂಡು ತುಂಡಾಗಿ ಇಡುತ್ತಿತ್ತು. ಹೊಸ ಬೀಗಕ್ಕೆ ಬದಲಾದದ್ದು ಮೊದಲ ತುಂಡು ಮಾತ್ರ, ಮಿಕ್ಕವು ಹಳೆಯದರಲ್ಲೇ ಇದ್ದವು. ಅಷ್ಟು ವರ್ಷ ಸಾಕಿದವಳಿಗೇ ಅದು ನೆನಪಾಗಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ, ಆತುರಗಾರ್ತಿಗೂ ಅಷ್ಟೆ.

ಈ ಮಳೆಗಾಲ ಮುಗಿದ ಮೇಲೆ ಕಂಡಕ್ಟರರೂ ಅವರ ಹೆಂಡತಿಯೂ ಕಚೇರಿಗೆ ಬಂದರು. ಆಪರೇಶನ್ನಿನ ಮೇಲೆ ಅವರಿಗೆ ಮಾತಿಲ್ಲ; ಹಳೆಯ ಧ್ವನಿ ಕೊಟ್ಟರೆ ಫೋನೇ ಅವರ ದನಿಯಲ್ಲಿ ಮಾತಾಡುವ ಹಾಗೆ ಮಾಡಬಹುದಂತೆ. ನಾನು ಉತ್ಸಾಹದಿಂದ ಕಡತ ತೆರೆದೆ.

"ಭಟ್ಕಳ, ಭಟ್ಕಳ... ಶಿರಾಲಿ... ಮುರ್ಡೇ—"

ಅಲ್ಲಿಗೇ ನಿಂತಿತು.

"ಮುಂದಿಂದು ಎಲ್ಲಿ ತಂಗಿ?" ಎಂದು ಅವರ ಹೆಂಡತಿ ಕೇಳಿದರು.

ಮಧ್ಯಾಹ್ನದವರೆಗೂ ಹುಡುಕಿದೆ. ಹಳೆಯ ಪ್ರತಿಗಳು ಬ್ಯಾಕಪ್‌ನಲ್ಲಿ ಹಾಗೇ ಇದ್ದವು; ತೆರೆಯುವ ಕೀಲಿ ಲೋಕದಲ್ಲೆಲ್ಲೂ ಇರಲಿಲ್ಲ. ಒಳ್ಳೆಯ ಬೀಗದ ಗುಣವೇ ಅದು, ಕೀಲಿ ಇಲ್ಲದೆ ಹಾಕಿದವರಿಗೂ ತೆರೆಯುವುದಿಲ್ಲ. "ತಪ್ಪು ನನ್ನದು, ಉಳಿದದ್ದು ಇಷ್ಟೇ. ಇದು ಫೋನಿಗೆ ಸಾಲುವುದಿಲ್ಲ" ಎಂದು ಹೇಳುವಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು.

ಕಂಡಕ್ಟರರು ಇನ್ನೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದರು. ಹಾಕಿದೆ. ಭಟ್ಕಳ, ಶಿರಾಲಿ, ಮುರ್ಡೇ. ದನಿ ನಿಂತಿತು, ಅವರ ತುಟಿ ನಿಲ್ಲಲಿಲ್ಲ. ಮುರ್ಡೇಶ್ವರ, ಮಂಕಿ, ಹೊನ್ನಾವರ, ಕರ್ಕಿ, ಹಳದೀಪುರ. ಸದ್ದಿಲ್ಲದೆ ಒಂದೊಂದೇ ಊರು ದಾಟಿ ಬಂದರು. ಹೆಂಡತಿ ಅವರ ತುಟಿಯನ್ನೇ ನೋಡುತ್ತಿದ್ದರು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅವರ ತೋಳು ಹಿಡಿದು ಎಬ್ಬಿಸಿದರು.

"ಆತು, ಕುಮ್ಟಾ ಬಂತು. ಏಳಿ, ಇಳಿವ."