ಮೂವತ್ತೊಂದನೇ ಪುಟದ ಕಾಡಿಗೆ

ನನ್ನ ಹೆಸರಿನಲ್ಲಿ ಒಂದು ಪುಸ್ತಕವಿದೆ. ಬಾಣಂತಿಯರ ಆರೈಕೆಯನ್ನು ಕುರಿತದ್ದು. ರಟ್ಟಿನ ಮೇಲೆ ‘ಬರೆದವರು: ಬಚ್ಚಪ್ಪ, ಉಪಾಧ್ಯಾಯರು, ಬಂಗಾರಪೇಟೆ’ ಎಂದು ದಪ್ಪಕ್ಷರದಲ್ಲಿದೆ. ಬಾಣಂತನದ ಬಗ್ಗೆ ನಾನೇನು ಬಲ್ಲೆ? ನನ್ನ ಹೆಂಡತಿ ಆದಿಲಕ್ಷ್ಮಮ್ಮ ಮೂರು ಹೆತ್ತಾಗಲೂ ಜಗಲಿಯ ಮೇಲೆ ಕೂತು ಬೀಡಿ ಸೇದಿದ ಶೂರ ನಾನು. ಪುಸ್ತಕದಲ್ಲಿರುವುದೆಲ್ಲ ಸೂಲಗಿತ್ತಿ ಚಿಕ್ಕವೆಂಕಟಮ್ಮನದು, ಒಂದು ಸಾಲು ಬಿಟ್ಟು. ಆ ಒಂದು ಸಾಲು ನನ್ನದು. ಅವಳು ಸತ್ತು ಐದು ವರ್ಷವಾದ ಮೇಲೆ ಅದನ್ನು ಹೇಳಿಬಿಡೋಣ ಎಂದು ಕೂತಿದ್ದೇನೆ.

ಚಿಕ್ಕವೆಂಕಟಮ್ಮ ನಮ್ಮ ಪೇಟೆಯ ಅಂಚಿನ ಹಳ್ಳಿಯವಳು. ಕುಳ್ಳಿ, ಒರಟು ಬಾಯಿ. ಹಳ್ಳಿಗಳಲ್ಲಿ ಕನ್ನಡ, ತೆಲುಗು; ಉರಿಗಾಮಿನ ಚಿನ್ನದ ಗಣಿ ಕೂಲಿಗಳ ಸಾಲುಮನೆಗಳಲ್ಲಿ, ಅಂದರೆ ಲೈನುಗಳಲ್ಲಿ, ತಮಿಳು; ಮೂರರಲ್ಲೂ ಬೈಯಬಲ್ಲವಳು. ಓದು ಬರಹ ಮಾತ್ರ ಒಂದರಲ್ಲೂ ಇಲ್ಲ. ಸೊಂಟದಲ್ಲಿ ಸದಾ ಎಲೆಅಡಿಕೆ ಚೀಲ, ಅದರೊಳಗೊಂದು ಕಾಡಿಗೆ ಡಬ್ಬಿ. ತಾನು ಹೆರಿಗೆ ಮಾಡಿಸಿದ ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟನ್ನು ತಾನೇ ಇಟ್ಟು ಹೊರಡುತ್ತಿದ್ದಳು. ದುಡ್ಡನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದಂತೆ. ಮನೆಯವರು ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆಅಡಿಕೆ ಇಟ್ಟು ಕೊಡಬೇಕು.

ಅವಳ ಒಬ್ಬಳೇ ಮಗಳು ಹೆತ್ತ ನಾಲ್ಕನೇ ದಿನ ಗಂಡನ ಮನೆಯಲ್ಲಿ ‘ನೀರು, ನೀರು’ ಎನ್ನುತ್ತಲೇ ಪ್ರಾಣ ಬಿಟ್ಟಿದ್ದಳು. ನಮ್ಮ ಕಡೆ ಹೆತ್ತ ಐದು ದಿನ ಬಾಣಂತಿಗೆ ನೀರು ಕೊಡುವುದಿಲ್ಲ. ಕೊಟ್ಟರೆ ಹೊಟ್ಟೆ ಊದಿ ಸನ್ನಿ ಹಿಡಿಯುತ್ತದೆ ಎಂದು ಅತ್ತೆಯರ ಶಾಸ್ತ್ರ. ಆ ಸಂಕಟವೇ ಅವಳನ್ನು ನನ್ನ ಜಗಲಿಗೆ ತಂದದ್ದು.

“ಮೇಷ್ಟ್ರೇ, ನಾನ್ ಯೋಳ್ತೀನಿ, ನೀವ್ ಬರೀರಿ. ಮೊದ್ಲು ಇದ್ ಬರೀರಿ ಸಾಮಿ. ಬಾಣಂತೀಗೆ ನೀರ್ ಕೊಡ್ಬೇಕು. ಕಾಯ್ಸಾರಿಸಿದ್ ನೀರು, ಕೇಳ್ದಾಗೆಲ್ಲಾ. ಕರ ಆಕಿದ್ ಎಮ್ಮೆ ಮುಂದೆ ಬಾನೀಗಟ್ಲೆ ನೀರ್ ಮಡಗ್ತೀವಿ. ಎಂಗ್ಸು ಏನ್ ಪಾಪ ಮಾಡವ್ಳೆ?”

ಬರೆದೆ. ಒಂದು ಬೇಸಿಗೆಯೆಲ್ಲ ಅವಳು ಹೇಳಿದಳು, ನಾನು ಬರೆದೆ. ಬೆಂಗಳೂರಿನ ಪ್ರಕಾಶಕರೊಬ್ಬರು ಅಚ್ಚು ಹಾಕಲು ಒಪ್ಪಿದರು. ಆಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಅವರ ಕಾಗದದಲ್ಲಿ ಎರಡು ಮಾತುಗಳಿದ್ದವು. ಒಂದು: ‘ಅಚ್ಚು ಹಾಕುವುದು ನಮ್ಮ ಕೆಲಸ. ಜನರ ಕೈಗೆ ಮುಟ್ಟಿಸುವ ಹೊಣೆ ಗ್ರಂಥಕರ್ತರದು. ವಾಚನಾಲಯಗಳಲ್ಲಿ ಭಾಷಣ ಮಾಡಿರಿ, ಪತ್ರಿಕೆಗಳಿಗೆ ಪ್ರತಿ ಕಳಿಸಿರಿ, ಸಂತೆಗಳನ್ನು ಬಿಡಬೇಡಿರಿ.’ ಇನ್ನೊಂದು: ‘ಬಾಣಂತಿಗೆ ನೀರು ಕೊಡಿ ಎಂದು ಬರೆದರೆ ಅತ್ತೆಯರು ಪುಸ್ತಕವನ್ನು ಹೊಸಿಲು ದಾಟಿಸುವುದಿಲ್ಲ. ಮಾರಾಟದ ದೃಷ್ಟಿಯಿಂದ ಆ ಸಾಲನ್ನು ತಿದ್ದುವುದು ಒಳ್ಳೆಯದು.’

ತಿದ್ದಿದೆ. ‘ಮೊದಲ ಐದು ದಿನ ನೀರು ಕೊಡಬಾರದು’ ಎಂದು ನನ್ನ ಕೈಯಾರೆ ಬರೆದು ಕಳಿಸಿದೆ. ಒಂದು ಸಾಲು ತಾನೆ, ಉಳಿದದ್ದೆಲ್ಲ ಅವಳದೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವಳಿಗೆ ಹೇಳಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ ಎನ್ನುವುದೇ ನಿಜ.

ಪುಸ್ತಕದ ಗಂಟು ರೈಲಿನಲ್ಲಿ ಬಂತು. ಹೊಣೆ ಹೊತ್ತವನಲ್ಲವೇ, ವಾಚನಾಲಯದಲ್ಲಿ ಭಾಷಣ ಮಾಡಿದೆ. ಹನ್ನೊಂದು ಜನ ಗಂಡಸರು ಬಂದಿದ್ದರು. ‘ಮೇಷ್ಟ್ರಿಗೆ ಎಷ್ಟು ತಿಂಗಳು?’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಮುಗಿಯಿತು ಭಾಷಣ. ಸಂತೆಯಲ್ಲಿ ಕೂತರೆ ಹೆಂಗಸರು ಸೆರಗು ಎಳೆದುಕೊಂಡು ಆಚೆ ಕಡೆಯಿಂದ ಹೋಗುತ್ತಿದ್ದರು. ತಿಂಗಳಲ್ಲಿ ಮಾರಿದ್ದು ನಾಲ್ಕು ಪ್ರತಿ. ಅದರಲ್ಲೊಂದು ನಮ್ಮ ಭಾವಮೈದ ತೆಗೆದುಕೊಂಡದ್ದು.

ಚಿಕ್ಕವೆಂಕಟಮ್ಮ ಬಂದು ನೋಡಿ ನಕ್ಕಳು. “ಗಂಡ್ಸು ಓಗಿ ಬಾಣಂತನ ಮಾರುದ್ರೆ ಯಾರ್ ತಕಂತಾರೆ? ಕೊಡಿ ಇತ್ತ” ಎಂದು ಗಂಟನ್ನು ತಲೆ ಮೇಲಿಟ್ಟುಕೊಂಡು ಹೊರಟೇಬಿಟ್ಟಳು.

ಅವಳು ಮಾರಿದ ರೀತಿಯೇ ಬೇರೆ. ಬಸುರಿಯಿದ್ದ ಮನೆಗೆ ಹೋಗಿ ಪುಸ್ತಕವನ್ನು ಮೊರದಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ ಮುಂದೆ ನೂಕುವಳು. ಪುಟ ತಿರುವುತ್ತ ಒಂದಕ್ಷರ ಓದಲಾರದೆ ಇಡೀ ಪುಸ್ತಕವನ್ನು ಬಾಯಲ್ಲಿ ಹೇಳುವಳು. ಅವರು ಪುಸ್ತಕ ತೆಗೆದುಕೊಂಡು ಅದೇ ಮೊರದಲ್ಲಿ ಎಲೆಯ ಕೆಳಗೆ ನಾಲ್ಕಾಣೆ ಇಡುವರು. ಅದನ್ನು ಮೊರದಲ್ಲೇ ತಂದು ನನ್ನ ಮುಂದೆ ಸುರಿಯುವಳು. ಯಾರದ್ದು ಪುಸ್ತಕ ಎಂದರೆ ‘ನಮ್ ಮೇಷ್ಟ್ರದು’ ಎನ್ನುತ್ತಿದ್ದಳಂತೆ. ಆರು ತಿಂಗಳಲ್ಲಿ ನೂರ ನಲವತ್ತು ಮನೆ. ‘ನಿಮ್ಮ ಪರಿಶ್ರಮ ಇತರ ಗ್ರಂಥಕರ್ತರಿಗೆ ಮಾದರಿ’ ಎಂದು ಪ್ರಕಾಶಕರು ನನಗೆ ಬರೆದರು. ಆ ಕಾಗದವನ್ನು ನಾಚಿಕೆಯಿಲ್ಲದೆ ಹೆಡ್‌ಮಾಸ್ಟರಿಗೆ ತೋರಿಸಿದೆ.

ಮರುವರ್ಷದ ಚೈತ್ರದಲ್ಲಿ ಉರಿಗಾಮಿನ ಲೈನಿನಲ್ಲಿ ಕನಕಮ್ಮ ಎನ್ನುವ ಹುಡುಗಿ ಹೆತ್ತಳು. ಹೆರಿಗೆ ಮಾಡಿಸಿದವಳು ಚಿಕ್ಕವೆಂಕಟಮ್ಮನೇ. ಬಾಣಂತಿಗೆ ನೀರು ಕೊಡಿ ಎಂದು ಹೇಳಿ, ಕೂಸಿಗೆ ಬೊಟ್ಟಿಟ್ಟು ಬಂದಳು. ಅವಳು ಅತ್ತ ಹೋದ ಮೇಲೆ ಅತ್ತೆ ಮಾರಿಯಮ್ಮ ಕೂಡದು ಎಂದಳು. ಅತ್ತೆಯ ಮಾತೋ ಸೂಲಗಿತ್ತಿಯ ಮಾತೋ ತಿಳಿಯದೆ ಕನಕಮ್ಮನ ಗಂಡ ಕುಪ್ಪುಸ್ವಾಮಿ ಪುಸ್ತಕ ತೆಗೆದ. ಮೂವತ್ತೊಂದನೇ ಪುಟ. ಅವನು ನನ್ನ ಶಿಷ್ಯ. ಗಣಿಗೆ ಇಳಿಯುವ ಮುಂಚೆ ನಾಲ್ಕನೇ ಕ್ಲಾಸಿನವರೆಗೆ ನನ್ನ ಹತ್ತಿರವೇ ಅಕ್ಷರ ಕಲಿತವನು. ಮೇಷ್ಟ್ರು ಬರೆದದ್ದು ಸುಳ್ಳಾಗುತ್ತದೆಯೇ? ತಗಡಿನ ಸೂರು, ಸುಡು ಬೇಸಿಗೆ, ನೀರಿನ ಕೊಡವನ್ನು ಹೊರಗಿಟ್ಟರು.

ನಾಲ್ಕನೇ ದಿನ ಹುಡುಗಿ ಮೈಮೇಲೆ ಎಚ್ಚರವಿಲ್ಲದೆ ಬಡಬಡಿಸತೊಡಗಿದಾಗ ಚಿಕ್ಕವೆಂಕಟಮ್ಮನಿಗೆ ಹೇಳಿಕಳಿಸಿದರು. ಅವಳು ಎರಡು ದಿನ ಪಕ್ಕದಲ್ಲೇ ಕೂತು ಕೂಸಿಗೆ ಹಾಲು ಕುಡಿಸುವ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ನೀರು ಬಿಟ್ಟಳು. ಕನಕಮ್ಮ ಬದುಕಿದಳು. ಎದೆಹಾಲು ಬತ್ತಿಹೋಗಿತ್ತು. ಕೂಸು ಉಳಿಯಲಿಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ತಿಂದವನು ನಾನು, ಬಾಯಾರಿದ್ದು ಅವರು.

ಚಿಕ್ಕವೆಂಕಟಮ್ಮ ಅಲ್ಲಿಂದ ನೇರ ನನ್ನ ಮನೆಗೆ ಬಂದಳು. ಮಧ್ಯಾಹ್ನ, ನಾನು ಊಟ ಮಾಡಿ ಕೂತಿದ್ದೆ. ಸೆರಗಿನಿಂದ ಕುಪ್ಪುಸ್ವಾಮಿಯ ಪ್ರತಿಯನ್ನು ತೆಗೆದು, ಮೂಲೆ ಮಡಿಸಿಟ್ಟಿದ್ದ ಪುಟ ಬಿಚ್ಚಿ ನನ್ನ ಮುಂದೆ ಹಿಡಿದಳು. ಏನಾಗಿದೆ ಎಂದು ಹೇಳಲಿಲ್ಲ.

“ನೀರಿನ್ ಮಾತು ಓದಿ ಸಾಮಿ.”

ಓದಿದೆ. ದೇವರಾಣೆ, ಅಚ್ಚಾಗಿದ್ದುದನ್ನಲ್ಲ. ಕಣ್ಣು ಆ ಸಾಲಿನ ಮೇಲೆಯೇ ಇತ್ತು, ಬಾಯಿ ಮಾತ್ರ “ಬಾಣಂತಿಗೆ ನೀರು ಕೊಡಬೇಕು, ಕಾಯಿಸಿ ಆರಿಸಿದ ನೀರು, ಕೇಳಿದಾಗೆಲ್ಲ” ಎಂದಿತು.

“ಕುಪ್ಪುಸ್ವಾಮಿ ಬ್ಯಾರೆ ತರ ಓದ್ದ” ಎಂದಳು. ಆಮೇಲೆ ಆ ನಾಲ್ಕು ದಿನದ್ದು, ಕೂಸಿನದು, ಎಲ್ಲ ಹೇಳಿದಳು.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ಎಷ್ಟ್‌ನೇ ಸಾಲು, ಬೆರಳ್ ಮಡಗಿ” ಎಂದಳು. ಮಡಗಿದೆ. ಕೆಳಗಿನಿಂದ ನಾಲ್ಕನೆಯದು. ಅವಳು ಡಬ್ಬಿ ತೆಗೆದು, ಕೂಸುಗಳಿಗೆ ಬೊಟ್ಟಿಡುವ ಬೆರಳಿನಿಂದ ಆ ಸಾಲಿನ ಉದ್ದಕ್ಕೂ ಕಾಡಿಗೆ ಬಳಿದಳು. ಮೂವತ್ತೊಂದು ಎನ್ನುವ ಅಂಕಿ ಹೇಗಿರುತ್ತದೆ ಎಂದು ಎರಡು ಸಲ ನೋಡಿಕೊಂಡಳು.

“ನೂರಾ ನಲ್ವತ್ತು ಮನೆ ನಂಗೊತ್ತು. ನನ್ ಕೈಯಾಗೆ ಮೊರ್‌ದಾಗಿಟ್ ಕೊಟ್ಟಿವ್ನಿ” ಎಂದು ಎದ್ದಳು.

ಬೇಸಿಗೆ ಕಳೆದು ಮಳೆ ಹಿಡಿಯುವವರೆಗೂ ಆ ಮುದುಕಿ ಮನೆಮನೆ ತಿರುಗಿದಳು. ಉರಿಗಾಮಿನ ಒಂದೊಂದು ಲೈನು, ಬಂಗಾರಪೇಟೆ ಸುತ್ತಿನ ಒಂದೊಂದು ಹಳ್ಳಿ. ಮೂವತ್ತೊಂದನೇ ಪುಟ, ಕೆಳಗಿನಿಂದ ನಾಲ್ಕನೇ ಸಾಲು, ಕಾಡಿಗೆ. ‘ನಾನೂ ಬರುತ್ತೇನೆ’ ಎಂದು ಒಂದು ದಿನವೂ ನಾನು ಅನ್ನಲಿಲ್ಲ. ಯಾಕೆ ಬರೆದಿರಿ ಮೇಷ್ಟ್ರೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತ ಮನೆಯಲ್ಲೇ ಉಳಿದೆ. ಜನರ ಬಾಗಿಲಿಗೆ ಹೋಗುವುದು ಗ್ರಂಥಕರ್ತನ ಹೊಣೆ ಎಂದು ಪ್ರಕಾಶಕರು ಬರೆದಿದ್ದರಲ್ಲ, ಎರಡು ಸಲವೂ ಹೋದವಳು ಅವಳೇ.

ಪ್ರತಿಗಳು ಮುಗಿದು ಎರಡನೇ ಮುದ್ರಣಕ್ಕೆ ಬಂತು. ನೀರಿನ ಸಾಲನ್ನು ಸರಿಪಡಿಸದಿದ್ದರೆ ಅಚ್ಚೇ ಬೇಡ ಎಂದು ಈ ಸಲ ಹಟ ಹಿಡಿದೆ. ಪ್ರಕಾಶಕರು ಗೊಣಗಿಕೊಂಡು ಒಪ್ಪಿದರು. ಹೊಸ ಗಂಟು ಬಂದ ದಿನವೇ ಅವಳನ್ನು ಕರೆಸಿ, ಜಗಲಿಯ ಮೇಲೆ ಕೂರಿಸಿ, ಪುಸ್ತಕ ಕೈಗಿಟ್ಟೆ.

ಅವಳು ಒಂದೊಂದೇ ಎಲೆ ತಿರುವಿ ಮೂವತ್ತೊಂದನ್ನು ಹುಡುಕಿದಳು. ಕೆಳಗಿನಿಂದ ನಾಲ್ಕು ಎಣಿಸಿ, ಸೊಂಟದ ಚೀಲಕ್ಕೆ ಕೈ ಹಾಕಿದಳು.

“ಬೇಡ ಅವ್ವಾ! ಈಗ ಸರಿ ಮಾಡಿಸಿದ್ದೀನಿ, ಓದ್ತೀನಿ ಕೇಳಿ” ಎಂದು ಪುಸ್ತಕದ ಮೇಲೆ ಬಗ್ಗಿ ಓದಿದೆ. “ಬಾಣಂತಿಗೆ ನೀರು ಕೊಡಬೇಕು, ಕಾಯಿಸಿ ಆರಿಸಿದ ನೀರು, ಕೇಳಿದಾಗೆಲ್ಲ.”

ಚಿಕ್ಕವೆಂಕಟಮ್ಮ ನನ್ನ ಮುಖವನ್ನೇ ನೋಡಿದಳು. ಕೋಪವಿರಲಿಲ್ಲ.

“ಅವತ್ತೂ ಇಂಗೇ ಓದಿದ್ರಿ ಸಾಮಿ” ಎಂದು ಡಬ್ಬಿಯ ಮುಚ್ಚಳ ತೆಗೆದಳು.