ನಾಲ್ಕು ಮಂದಿಯ ಕುಕ್ಕರ್

ಹೋದ ವಾರ ನನ್ನ ಕುಕ್ಕರ್ ಸುಟ್ಟಿತು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ಸೀರೆ ಕೂಡ ಬದಲಿಸದೆ ಜೋಳದ ನುಚ್ಚು ಇಟ್ಟು, ಗೋಡೆಗೆ ಒರಗಿ ಕೂತವಳಿಗೆ ಜೊಂಪು ಹತ್ತಿತ್ತು. ಎಬ್ಬಿಸಿದ್ದು ವಾಸನೆ. ಮೊದಲು ವೈರು ಸುಟ್ಟ ವಾಸನೆ, ಅದರ ಹಿಂದೆಯೇ ಬುಡ ಹತ್ತಿದ ನುಚ್ಚಿನ ವಾಸನೆ... ಆ ಎರಡನೆಯದು ಸೇಡಂನ ಈ ಬಾಡಿಗೆ ಕೋಣೆಯದಷ್ಟೇ ಅಲ್ಲ. ಅದು ಶಹಾಬಾದಿನದೂ ಹೌದು, ನಮ್ಮ ಪಕ್ಕದ ಮನೆಯ ಅಕ್ಕೋರ ಅಡುಗೆಮನೆಯದು.

ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರು ಕಲಿಸುವುದು ಬಿಟ್ಟು ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಹಾಗೇ ಉಳಿದಿತ್ತು. ಒಬ್ಬರೇ ಇದ್ದರು. ಮದುವೆ ಆಗಿರಲಿಲ್ಲವೋ, ಆಗಿ ಮುರಿದಿತ್ತೋ, ನಮ್ಮ ಅವ್ವನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಾನೂ ಮದುವೆಯ ಗೋಜಿಗೆ ಹೋದವಳಲ್ಲ. ಹಾಗಾಗಿ ಆ ಮನೆಯಲ್ಲಿ ಅವರೊಬ್ಬರು, ಈ ಮನೆಯಲ್ಲಿ ನಾನು ಮತ್ತು ಅವ್ವ, ನಡುವೆ ಕಲ್ಲಿನ ಗೋಡೆ.

ಆ ಗೋಡೆಯಲ್ಲಿ ಅವರ ಕಡೆ ದೀಪ ಇಡುವ ಒಂದು ಗೂಡಿತ್ತು. ಅಲ್ಲಿ ಕಲ್ಲು ತೆಳು. ಸಂಜೆ ಅಕ್ಕೋರ ಕುಕ್ಕರ್ ಟಕ್ ಎಂದಿತೋ ಇಲ್ಲವೋ, ಆ ಗೂಡಿನೊಳಗೆ ಸೌಟಿನಿಂದ ಬಡಿಯುತ್ತಿದ್ದರು. ಅಂದರೆ ಬಟ್ಟಲು ಬಂತು ಎಂದು ಅರ್ಥ. ಹಿತ್ತಲ ಮೋಟುಗೋಡೆಯ ಮೇಲೆ ಬಿಸಿ ನುಚ್ಚು, ಒಮ್ಮೊಮ್ಮೆ ಅದರ ಮೇಲೆ ಪುಂಡಿಪಲ್ಯ, ಇಟ್ಟು ಹೋಗಿರುತ್ತಿದ್ದರು. ಖಾಲಿ ಬಟ್ಟಲು ವಾಪಸು ಕಳಿಸಬಾರದು ಎನ್ನುವುದು ಅವ್ವನ ಕಟ್ಟಳೆ. ಏನೂ ಇಲ್ಲದಿದ್ದರೆ ಒಂದು ತುಂಡು ಬೆಲ್ಲವಾದರೂ ಅದರಲ್ಲಿ ಕೂರಬೇಕು. ಹೀಗೆ ಆ ಬಟ್ಟಲು ಯಾವ ಮನೆಯಲ್ಲೂ ನೆಟ್ಟಗೆ ಒಂದು ದಿನ ನಿಂತದ್ದಿಲ್ಲ. ನಿಜ ಹೇಳಬೇಕೆಂದರೆ ನನಗೆ ಅದು ಕಿರಿಕಿರಿಯೇ ಆಗಿತ್ತು. ದಿನವಿಡೀ ವಾರ್ಡಿನಲ್ಲಿ ನಿಂತು ಬಂದವಳಿಗೆ ಕಾಲು ಚಾಚಿದರೆ ಸಾಕಾಗಿರುತ್ತಿತ್ತು, ಅಷ್ಟರಲ್ಲಿ ಗೋಡೆ ಟಕಟಕ ಎನ್ನುತ್ತಿತ್ತು.

ಅಕ್ಕೋರ ಕಣ್ಣು ಮಂದವಾಗುತ್ತ ಬಂದಿತ್ತು. ಒಮ್ಮೆ ಗ್ಯಾಸಿನ ಒಲೆಯ ಹತ್ತಿರ ಮಸಿಬಟ್ಟೆಗೆ ಬೆಂಕಿ ಹತ್ತಿದ್ದು ಅವರಿಗೆ ಕಾಣಲೇ ಇಲ್ಲ. ಅವ್ವ ಓಡಿಹೋಗಿ ನೀರು ಸುರಿದಳು. ಸುದ್ದಿ ತಿಳಿದು ಚಿಂಚೋಳಿಯಿಂದ ಅವರ ಅಣ್ಣನ ಮಗ ಬಂದ. ಒಳ್ಳೆಯ ಹುಡುಗ, ಮಾತು ಮಾತ್ರ ಖಡಕ್ಕು. ಸಿಲಿಂಡರನ್ನು ಅಂದೇ ಹೊರಗೆ ಹಾಕಿಸಿ, ಹೋಗುವಾಗ ಹೊಸ್ತಿಲಲ್ಲಿ ನಿಂತು ಹೇಳಿದ:

"ಅತ್ತಿ, ಕರೆಂಟಿನ ಕುಕ್ಕರ್ ನಡಿಯೂತನಕ ಇಲ್ಲಿರ್ರಿ. ಅದೂ ಕೆಟ್ಟಿತಂದ್ರ ನಮ್ಮನಿಗಿ ನಡೀಬೇಕು ನೋಡ್ರಿ. ಆಮ್ಯಾಲ ನಾ ಕೇಳೂದಿಲ್ಲ."

ಹಾಗೆ ಅಕ್ಕೋರ ಮನೆ, ಅವರ ಹಿತ್ತಲಿನ ತುಳಸಿ, ತಮ್ಮ ಕೈಯ ಅಡುಗೆ, ಎಲ್ಲವೂ ಒಂದು ಹಳೆಯ ಕುಕ್ಕರಿಗೆ ಜೋತುಬಿದ್ದವು. ಆ ಕುಕ್ಕರೋ, ಆಗಾಗ ನುಚ್ಚಿನ ಬುಡ ಹತ್ತಿಸುತ್ತ, ಕೆಮ್ಮುವ ಮುದುಕನ ಹಾಗೆ ದಿನ ತಳ್ಳುತ್ತಿತ್ತು.

ಒಂದು ಸಂಜೆ ಗೋಡೆ ಸುಮ್ಮನಿತ್ತು. ನಾವು ಎದ್ದು ನೋಡುವಷ್ಟರಲ್ಲಿ ಅಕ್ಕೋರೇ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಬೇಯದ ನುಚ್ಚು.

"ಕುಕ್ಕರ್ ಕೈಬಿಟ್ಟಿತು ಯವ್ವಾ," ಎಂದರು ನನಗೆ. "ಐತವಾರ ಹುಡುಗ ಬರಾಂವ ಇದ್ದಾನ. ಅಷ್ಟರಾಗ ಹೊಸಾದು ಬರಬೇಕು. ಅಂಗಡಿಗಿ ಬರ್ತೀಯೇನು? ನನಗ ಅಕ್ಷರ ಕಾಣೂದಿಲ್ಲ."

ಮಾರನೆಯ ದಿನ ಡ್ಯೂಟಿಯಿಂದ ಬಂದವಳೇ ಅವರನ್ನು ಕರೆದುಕೊಂಡು ಬಜಾರಿಗೆ ಹೋದೆ. ಬೇಗ ಮುಗಿಯಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಅಂಗಡಿಯವನು ಚೊಂಬಿನಷ್ಟು ಸಣ್ಣ ಕುಕ್ಕರ್ ತೆಗೆದಿಟ್ಟ. ನನಗೂ ಅದೇ ಸರಿ ಕಂಡಿತು. ಹಗುರ, ತೊಳೆಯಲು ಸುಲಭ, ಒಬ್ಬರಿಗೆ ಹೇಳಿ ಮಾಡಿಸಿದಂತಿತ್ತು. ಅಕ್ಕೋರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ಕೆಳಗಿಟ್ಟರು.

"ಇದು ಕೂಸಿಗಿ ಗಂಜಿ ಮಾಡೂದೇನ್ರಿ?"

"ಅಕ್ಕೋರೆ, ನೀವು ಒಬ್ಬರೇ ಅದೀರಿ. ಇದು ಸಾಕಾಗ್ತದ್ರಿ," ಎಂದ ಅಂಗಡಿಯವನು.

"ನಾ ಒಬ್ಬಾಕೇ ಅಂತ ನಿಮಗ್ಯಾರು ಹೇಳಿದ್ರು? ನಾಕ ಮಂದೀದು ತೋರಸ್ರಿ."

ಅವನು ನನ್ನ ಮುಖ ನೋಡಿದ, ನಾನು ಫ್ಯಾನು ನೋಡಿದೆ. ಬಂದದ್ದು ಮೈತುಂಬ ಗುಂಡಿಗಳಿದ್ದ, ಕೆಂಪು ಅಂಕಿ ಮಿನುಗುವ ಕುಕ್ಕರ್. ಅಕ್ಕೋರು ಬೆರಳಾಡಿಸಿದರು. ಗುಂಡಿಗಳು ನುಣ್ಣಗಿದ್ದವು, ಎಲ್ಲಿ ಒತ್ತಬೇಕೋ ಕೈಗೆ ತಿಳಿಯುವಂತಿರಲಿಲ್ಲ. ಅದೂ ಹಿಂದಕ್ಕೆ ಹೋಯಿತು. ಆಮೇಲೆ ಹಳೆಯ ನಮೂನೆಯವು, ಕೆಳಗೆ ಒತ್ತುವ ಕಡ್ಡಿಯವು, ಒಂದೊಂದಾಗಿ ಇಳಿದವು. ಪ್ರತಿಯೊಂದರ ಕಡ್ಡಿಯನ್ನೂ ಒತ್ತಿಸಿ, ಎತ್ತಿಸಿ, ಅದರ ಸಪ್ಪಳಕ್ಕೆ ಕಿವಿಗೊಟ್ಟರು.

"ಇದರ ದನಿ ಸಣ್ಣದು... ಇದು ಪಿಸುಗುಟ್ತದ... ಹಾಂ, ಇದನ್ನ ಇನ್ನೊಮ್ಮೆ ಒತ್ತ್ರಿ."

ಕುಕ್ಕರನ್ನು ತಂಬೂರಿಯಂತೆ ಶ್ರುತಿ ನೋಡಿ ಕೊಂಡವರನ್ನು ಆ ಅಂಗಡಿ ಮತ್ತೆ ಕಂಡಿರಲಿಕ್ಕಿಲ್ಲ. ಅಂಗಡಿಯವನ ತಲೆ ತಿಂದದ್ದು ಸಾಲದೆಂದು ನನ್ನದನ್ನೂ ತಿಂದಿದ್ದರು. ಆಟೋದಲ್ಲಿ ಕೂತ ಮೇಲೆ ನಾನು ಸ್ವಲ್ಪ ಸಿಡುಕಿನಿಂದಲೇ ಕೇಳಿದೆ, ಒಬ್ಬರ ಹೊಟ್ಟೆಗೆ ಇಷ್ಟು ದೊಡ್ಡದು ಯಾಕೆ ಎಂದು. ಅವರು ಡಬ್ಬಿಯನ್ನು ತೊಡೆಯ ಮೇಲೆ ಸರಿಪಡಿಸಿಕೊಂಡರು.

"ದೊಡ್ಡದರಾಗ ಒಂದ ಹಿಡಿ ಹಾಕಿದರ ಬುಡಾ ಹತ್ತತದ. ನೆಟ್ಟಗ ಬೇಯಬೇಕಂದ್ರ ನಾಕ ಮಂದಿದು ಹಾಕಲೇಬೇಕು. ಹಾಕಿದಮ್ಯಾಲ ನಾ ಒಬ್ಬಾಕಿ ಹ್ಯಾಂಗ ಉಣ್ಲಿ? ಯಾರನ್ನರೆ ಕರೀಲೇಬೇಕು." ಡಬ್ಬಿಗೆ ಬೆರಳಿನಿಂದ ಟಕಟಕ ಬಡಿದರು. "ಸಣ್ಣದು ತಂದ್ರ ಅದು ನನಗಷ್ಟೇ ಮಾಡ್ತದ. ಆಮ್ಯಾಲ ನಾ ಯಾವ ನೆವಾ ಮಾಡಿ ನಿಮ್ಮ ಗ್ವಾಡಿ ಬಡೀಲಿ?"

ಇಷ್ಟು ದಿನ ನಾನು ಅದನ್ನು ಮಿಕ್ಕಿದ ನುಚ್ಚು ಎಂದುಕೊಂಡಿದ್ದೆ.

ಭಾನುವಾರ ಅಣ್ಣನ ಮಗ ಚಿಂಚೋಳಿಯಿಂದ ಬಂದ. ಹಳೆಯ ಕುಕ್ಕರ್ ಸತ್ತ ಸುದ್ದಿ ಅದು ಹೇಗೋ ಅವನಿಗೆ ಮುಟ್ಟಿತ್ತು, ಬಟ್ಟೆ ತುಂಬಲು ಖಾಲಿ ಚೀಲವನ್ನೂ ತಂದಿದ್ದ. ಅದೇ ಹೊತ್ತಿಗೆ ಹೊಸ ಕುಕ್ಕರ್ ಟಕ್ ಎಂದಿತು. ಅಕ್ಕೋರು ಅವನಿಗೆ ಬಾ ಎನ್ನುವ ಮೊದಲೇ ಗೋಡೆ ಬಡಿದರು. ಅಂದು ಬಟ್ಟಲು ಬರಲಿಲ್ಲ. ನಾನು, ಅವ್ವ ಇಬ್ಬರೂ ಅಲ್ಲಿಗೇ ಹೋದೆವು. ಫರಸಿ ಕಲ್ಲಿನ ನೆಲದ ಮೇಲೆ ನಾಲ್ಕು ತಾಟು ಬಿದ್ದಿದ್ದವು. ಆ ಹುಡುಗ ಚೀಲವನ್ನು ಪಕ್ಕಕ್ಕಿಟ್ಟು ಕೂತ. ನುಚ್ಚಿಗೆ ಪುಂಡಿಪಲ್ಯ, ಮೇಲೆ ಒಂದಿಷ್ಟು ಕುಸುಬಿ ಎಣ್ಣೆ. ಅವ್ವ ಅವನ ಹೆಂಡತಿ ಮಕ್ಕಳನ್ನು ವಿಚಾರಿಸಿದಳು, ಅಕ್ಕೋರು ತಡಕಾಡದೆ ಬಡಿಸಿದರು. ಅವನು ಎರಡನೇ ಸಲ ಹಾಕಿಸಿಕೊಂಡ.

ಹೊರಡುವಾಗ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. "ಇರ್ಲಿ ಬಿಡ್ರಿ ಅತ್ತಿ," ಎಂದ. "ಇಲ್ಲಿ ನಿಮಗ ಮಂದಿ ಅದಾರ."

ಅದಾದ ಮೇಲೆ ಆ ಕುಕ್ಕರ್ ಎಷ್ಟೋ ವರ್ಷ ನಡೆಯಿತು, ಅಕ್ಕೋರೂ ನಡೆದರು... ಕಡೆಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದಾಗ ಅವರನ್ನು ಚಿಂಚೋಳಿಗೆ ಒಯ್ಯಲೇಬೇಕಾಯಿತು. ಅಲ್ಲಿಂದ ತಿರುಗಿ ಬರಲಿಲ್ಲ. ಮನೆ ಖಾಲಿ ಮಾಡಲು ಬಂದ ಹುಡುಗ ಕುಕ್ಕರನ್ನು ನನ್ನ ಕೈಗಿಟ್ಟ. "ಅತ್ತಿ ಹೇಳ್ಯಾರ," ಎಂದ, ಅಷ್ಟೇ. ಬಟ್ಟಲಂತೂ ನಮ್ಮಲ್ಲೇ ಇತ್ತು. ಅವರು ಬೀಳುವ ಹಿಂದಿನ ಸಂಜೆ ಬಂದದ್ದು, ತಿರುಗಿಸುವ ಸರದಿ ನಮ್ಮದಾಗಿತ್ತು. ಅವ್ವ ಅದರಲ್ಲಿ ಬೆಲ್ಲ ಹಾಕಿ ಇಟ್ಟಿದ್ದಳು. ಬಹಳ ದಿನ ಇರುವೆ ಮುತ್ತಿದರೂ ತೆಗೆಯಲು ಬಿಡಲಿಲ್ಲ. ಈಗ ಅವ್ವನೂ ಇಲ್ಲ. ನನಗೆ ಸೇಡಂಗೆ ವರ್ಗವಾಯಿತು. ಕುಕ್ಕರ್ ಮತ್ತು ಬಟ್ಟಲು ನನ್ನೊಂದಿಗೆ ಬಂದವು.

ಇಲ್ಲಿ ನಾನು ಅದರಲ್ಲಿ ದಿನವೂ ಒಂದೇ ಹಿಡಿ ಹಾಕುತ್ತಿದ್ದೆ. ಅಕ್ಕೋರು ಹೇಳಿದಂತೆಯೇ ದಿನವೂ ಬುಡ ಹತ್ತುತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಇದ್ದಾರೆ. ಬಾಗಿಲು ತೆರೆದು ಮುಚ್ಚುವ ಸದ್ದು ಕೇಳುತ್ತದೆ, ಮುಖ ಕಂಡಿಲ್ಲ. ಪರಿಚಯ ಮಾಡಿಕೊಳ್ಳಬೇಕು ಎಂದುಕೊಂಡೇ ನಿದ್ದೆ ಹೋಗುತ್ತೇನೆ.

ಸುಟ್ಟ ಕುಕ್ಕರನ್ನು ಇಲ್ಲಿಯ ಅಂಗಡಿಗೆ ಒಯ್ದೆ. ಇದರ ಸಾಮಾನು ಈಗ ಬರುವುದಿಲ್ಲ ಎಂದು ಅಂಗಡಿಯವನು ಪಕ್ಕಕ್ಕಿಟ್ಟ. ಆಮೇಲೆ ಆ ಪ್ರಶ್ನೆ ಕೇಳಿದ.

"ಮನ್ಯಾಗ ಎಷ್ಟು ಮಂದಿ ಅದೀರಿ ಸಿಸ್ಟರ್?"

ನಾಲ್ಕು ಎನ್ನಬೇಕೆಂದು ಬಾಯಿ ತೆರೆದೆ. ನಾಲ್ಕು ಮಂದಿಯದನ್ನು ಬೇಯಿಸಬೇಕು, ಬಟ್ಟಲಿಗೆ ಹಾಕಬೇಕು, ಮುಖ ಕಾಣದವರ ಬಾಗಿಲು ಬಡಿಯಬೇಕು, ನಾನು ಯಾರೆಂದು ಮೊದಲಿನಿಂದ ಹೇಳಬೇಕು... ನೆನೆದೇ ದಣಿವಾಯಿತು. ಅಕ್ಕೋರಿಗೆ ಆ ವಯಸ್ಸಿನಲ್ಲಿ, ಆ ಕಣ್ಣಿನಲ್ಲಿ, ದಿನದಿನವೂ ಅದಕ್ಕೆಲ್ಲ ಕಸುವು ಎಲ್ಲಿಂದ ಬರುತ್ತಿತ್ತೋ.

"ಒಬ್ಬಾಕೇ," ಎಂದೆ.

ಸಣ್ಣ ಕುಕ್ಕರ್ ಚೆನ್ನಾಗಿದೆ, ತಪ್ಪು ಹೇಳಬಾರದು. ನುಚ್ಚು ಹೂವಿನಂತೆ ಬೇಯುತ್ತದೆ, ಬುಡ ಹತ್ತುವುದಿಲ್ಲ, ಸುಟ್ಟ ವಾಸನೆ ಇಲ್ಲ. ಟಕ್ ಎಂದಾಗ ಈಗಲೂ ನನ್ನ ಕಿವಿ ಗೋಡೆಯ ಕಡೆ ಹೋಗುತ್ತದೆ. ಒಂದು ಸೌಟು ಅಕ್ಕೋರ ಬಟ್ಟಲಿಗೆ ಹಾಕಿಕೊಂಡರೆ ಪಾತ್ರೆ ಬರಿದಾಗುತ್ತದೆ. ಆ ಬಟ್ಟಲನ್ನು ಖಾಲಿ ಕಳಿಸಬಾರದೆಂದು ಅವ್ವ ಕಟ್ಟಳೆ ಮಾಡಿದ್ದಳು. ಈಗ ಅದನ್ನು ತುಂಬುವವಳೂ ನಾನೇ, ಬರಿದು ಮಾಡುವವಳೂ ನಾನೇ.